ಜೊತೆ ನಡೆಯುವವರ ಹೊಣೆ

ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನದಿಂದ ಮನುಷ್ಯನಿಗೆ ವೈದ್ಯರು ಒಬ್ಬರಾದರೆ ಸಲಹೆಗಾರರು ನೂರು ಮಂದಿ. ಹುಣಸೂರಿನಲ್ಲಿ ಬಸ್ಸು ಹತ್ತಿದವರು ಗುರುಪುರದಲ್ಲಿ ಇಳಿಯುವಷ್ಟರಲ್ಲಿ ಹಾಗಲಕಾಯಿ ರಸ, ನೆನೆಸಿದ ಮೆಂತ್ಯ, ಬೇವಿನ ಚಿಗುರು, ನೇರಳೆ ಬೀಜದ ಪುಡಿ, ಅಮೃತಬಳ್ಳಿ ಇಷ್ಟನ್ನೂ ಕೇಳಿಸಿಕೊಂಡಿರುತ್ತಾರೆ. ಹೇಳಿದವರಿಗೆ ದುಡ್ಡು ಬೇಡ, ಹೆಸರೂ ಬೇಡ. ಆ ಮಾತಿಗೆ ಎಷ್ಟು ಬೆಲೆ ಕೊಡಬೇಕು, ಎಷ್ಟನ್ನು ಬಸ್ಸಿನಲ್ಲೇ ಬಿಟ್ಟು ಇಳಿಯಬೇಕು ಎಂಬ ಅಂದಾಜು ಕೇಳಿದವರಿಗೂ ಇರುತ್ತದೆ. ಹೀಗಾಗಿ ಬಿಟ್ಟಿ ಸಲಹೆಯಿಂದ ಆಗುವ ಅನಾಹುತಕ್ಕೆ ಒಂದು ಮಿತಿಯಿದೆ.

ಈಗ ಅದೇ ಮಾತು ಹೊಸ ವೇಷ ತೊಟ್ಟಿದೆ. 'ಡಯಾಬಿಟಿಸ್ ಹೆಲ್ತ್ ಕೋಚ್' ಎಂಬ ಹೆಸರು, ಕೆಲವು ವಾರಗಳ ಆನ್‌ಲೈನ್ ತರಬೇತಿ, ಚೌಕಟ್ಟು ಹಾಕಿಸಿದ ಒಂದು ಪ್ರಮಾಣಪತ್ರ, ತಿಂಗಳಿಗಿಷ್ಟು ಎಂಬ ಶುಲ್ಕ. ಹೀಗಾಗಲು ಬಯಸುವವರಲ್ಲಿ ದುಡ್ಡಿನ ಆಸೆಯವರೂ ಇದ್ದಾರೆ, ನಿಜವಾದ ಕಳಕಳಿಯವರೂ ಇದ್ದಾರೆ. ತಮ್ಮ ಶುಗರನ್ನು ತಾವೇ ಹತೋಟಿಗೆ ತಂದುಕೊಂಡವರು, ತಾಯಿಯ ಕಾಲಿನ ಹುಣ್ಣನ್ನು ವರ್ಷಗಟ್ಟಲೆ ತೊಳೆದು ಕಟ್ಟಿದವರು, ನಿವೃತ್ತರಾದ ಶಾಲಾ ಶಿಕ್ಷಕರು. ಇವರೆಲ್ಲರೂ ಕೇಳುವ ಪ್ರಶ್ನೆ ಒಂದೇ: 'ನಾನು ಡಾಕ್ಟರು ಓದಿಲ್ಲ, ನರ್ಸಿಂಗೂ ಓದಿಲ್ಲ. ಆದರೂ ಈ ಕೆಲಸ ಮಾಡಬಹುದೇ?'

ಸಾಮಾನ್ಯವಾಗಿ ಈ ಪ್ರಶ್ನೆಗೆ ಅರ್ಹತೆಯ ಲೆಕ್ಕದಲ್ಲಿ ಉತ್ತರ ಸಿಗುತ್ತದೆ: ಯಾವ ಕೋರ್ಸು, ಎಷ್ಟು ತಿಂಗಳು, ಎಷ್ಟು ಫೀಸು. ಆದರೆ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆಯಿದೆ. ಇನ್ನೊಬ್ಬರ ದೇಹದ ಬಗ್ಗೆ, ಅವರು ನಂಬಿ ನಡೆಯುವಂಥ ಮಾತನ್ನು ಆಡುವ ಹಕ್ಕು ಯಾರಿಗೆ ಎಲ್ಲಿಂದ ಬರುತ್ತದೆ? ಓದಿನಿಂದಲೇ, ಅನುಭವದಿಂದಲೇ, ಪ್ರೀತಿಯಿಂದಲೇ? ಬಸ್ಸಿನ ಮಾತಿಗೂ ಕೋಚ್ ಆಡುವ ಮಾತಿಗೂ ಇರುವ ವ್ಯತ್ಯಾಸ ಮಾತಿನಲ್ಲಿ ಇರಬೇಕೆಂದೇನೂ ಇಲ್ಲ. ಎರಡು ಕಡೆಯೂ ಅದೇ ಮೆಂತ್ಯ ಇರಬಹುದು. ವ್ಯತ್ಯಾಸ ಕೇಳುವವರಲ್ಲಿದೆ. ಪ್ರಮಾಣಪತ್ರ ಮತ್ತು ಶುಲ್ಕ ಎದುರಿಗೆ ಬಂದಾಗ ಕೇಳುವವರು ತಮ್ಮ ಅಂದಾಜನ್ನು ಕೆಳಗಿಟ್ಟು ನಂಬಿಕೆಯನ್ನು ಕೈಗೆತ್ತಿಕೊಳ್ಳುತ್ತಾರೆ. ನೈತಿಕ ಹೊಣೆ ಶುರುವಾಗುವುದು ಅಲ್ಲಿಂದ.

ಮೊದಲು ಈ ಕೆಲಸದ ಅಗತ್ಯವನ್ನು ಒಪ್ಪಿಕೊಳ್ಳೋಣ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಒಂದು ವರ್ಷಕ್ಕೆ 8,760 ಗಂಟೆ. ತಪ್ಪದೆ ತಪಾಸಣೆಗೆ ಹೋಗುವ ರೋಗಿಯೂ ಅದರಲ್ಲಿ ವೈದ್ಯರ ಎದುರು ಕೂರುವುದು ಒಟ್ಟಾರೆ ಒಂದು ಗಂಟೆಯಾದರೆ ಹೆಚ್ಚು. ಉಳಿದ 8,759 ಗಂಟೆ ತಟ್ಟೆಯ ಮುಂದೆ, ಹೊಲದಲ್ಲಿ, ಮದುವೆ ಮನೆಯಲ್ಲಿ, ನಿದ್ದೆ ಬಾರದ ರಾತ್ರಿಯಲ್ಲಿ ಆ ರೋಗಿಯೇ ತನ್ನ ವೈದ್ಯ. ಜ್ವರಕ್ಕೆ ಐದು ದಿನದ ಮಾತ್ರೆ ನುಂಗಿ ಮರೆಯಬಹುದು. ಈ ಕಾಯಿಲೆಯಲ್ಲಿ ದಿನಕ್ಕೆ ಹತ್ತಾರು ಸಣ್ಣ ತೀರ್ಮಾನಗಳನ್ನು ರೋಗಿಯೇ ಮಾಡಬೇಕು, ಅದೂ ಬದುಕಿರುವ ತನಕ.

ಆ ತೀರ್ಮಾನಗಳು ನಡೆಯುವ ಜಾಗವನ್ನು ಔಷಧದ ಚೀಟಿ ನೋಡಿರುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ತಂಬಾಕು ಬೆಳೆಗಾರರನ್ನೇ ನೋಡಿ. ಜುಲೈನಿಂದ ಸೊಪ್ಪು ಮುರಿದು ಬ್ಯಾರನ್‌ಗೆ ಏರಿಸಿದರೆ ಒಂದು ತುಂಬು ಹದವಾಗಲು ಐದಾರು ದಿನ ಹಗಲೂ ಇರುಳೂ ಬೆಂಕಿ ಕಾಯಬೇಕು. ಉರಿ ಹೆಚ್ಚಾದರೂ ನಷ್ಟ, ಕಡಿಮೆಯಾದರೂ ನಷ್ಟ. ಆ ತಿಂಗಳುಗಳಲ್ಲಿ 'ಹೊತ್ತಿಗೆ ಸರಿಯಾಗಿ ಉಣ್ಣಿ, ಚೆನ್ನಾಗಿ ನಿದ್ದೆ ಮಾಡಿ' ಎಂಬ ಮಾತಿಗೆ ಅರ್ಥವೇ ಇಲ್ಲ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಭತ್ತ ಬೆಳೆದು ಮೂರು ಹೊತ್ತೂ ಅನ್ನ ಉಣ್ಣುವ ಮನೆಗೆ 'ಅನ್ನ ಬಿಡಿ' ಎನ್ನುವುದು, ಕಣಜದ ಮೇಲೆ ಕೂತವರಿಗೆ ಉಪವಾಸ ಹೇಳಿದಂತೆ. ಗುರುಪುರದಲ್ಲಿ 1972ರಲ್ಲಿ ಶುರುವಾದ ರಬ್ಗಯ್‌ಲಿಂಗ್ ಟಿಬೆಟನ್ ವಸತಿಯ ಎಷ್ಟೋ ಮನೆಗಳವರು ಚಳಿಗಾಲ ಬಂದರೆ ಸ್ವೆಟರ್ ಮಾರಲು ದೂರದ ಊರುಗಳಿಗೆ ಹೊರಡುತ್ತಾರೆ. ಆ ತಿಂಗಳುಗಳಲ್ಲಿ ತಪಾಸಣೆ ತಪ್ಪುತ್ತದೆ, ಊಟ ಬೀದಿಯದಾಗುತ್ತದೆ. ಅಲ್ಲೇ ಸಮೀಪ ನಾಗಾಪುರದ ಪುನರ್ವಸತಿ ಹಾಡಿಗಳಲ್ಲಿ ಕಾಡಿನಿಂದ ಹೊರಬಂದ ಜೇನುಕುರುಬರಿದ್ದಾರೆ; ಗೆಡ್ಡೆ ಗೆಣಸು, ಸೊಪ್ಪು, ಜೇನಿನ ಊಟ ಒಂದೇ ತಲೆಮಾರಿನಲ್ಲಿ ಪಡಿತರದ ಅಕ್ಕಿಗೆ ತಿರುಗಿದೆ.

ಆಸ್ಪತ್ರೆಯಲ್ಲಿ ಕೊಡುವ ಪಥ್ಯದ ಪಟ್ಟಿ ಈ ನಾಲ್ಕೂ ಬಗೆಯವರಿಗೆ ಒಂದೇ. ಓಟ್ಸ್, ಸೇಬು, ಮೊಳಕೆ ಕಾಳು ಎಂದು ಅದು ಹೇಳುತ್ತದೆ. ಆ ಪಟ್ಟಿಯನ್ನು ಈ ಮನೆಯ ತಟ್ಟೆಗೆ ಇಳಿಸುವ ಯಾರಾದರೂ ಬೇಕು. ಮುದ್ದೆಯ ಗಾತ್ರ ಎಷ್ಟು, ಅದರ ಜೊತೆಗೆ ಹುರುಳಿ ಬಸ್ಸಾರೋ ಬರೀ ಖಾರವೋ, ಟೀಗೆ ಸಕ್ಕರೆ ಬದಲು ಬೆಲ್ಲ ಹಾಕಿದರೆ ಆಯಿತೇ ಎಂದು ಕೂತು ಮಾತಾಡುವವರು ಬೇಕು. 'ಶುಗರಿಗೆ ರಾಗಿ ಒಳ್ಳೆಯದು' ಎಂದು ಕೇಳಿದವರು ಅನ್ನ ಬಿಟ್ಟು ಎರಡು ದೊಡ್ಡ ಮುದ್ದೆ ಉಣ್ಣುತ್ತಾರೆ. ರಾಗಿಯಲ್ಲಿ ನಾರಿದೆ, ಸುಣ್ಣದಂಶ ಧಾರಾಳವಾಗಿದೆ, ನಿಜ. ಆದರೆ ಅದರಲ್ಲಿರುವ ಪಿಷ್ಟ ಅಕ್ಕಿಗಿಂತ ಬಹಳ ಕಡಿಮೆಯೇನಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆ ರಕ್ತದಲ್ಲಿ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ಇದನ್ನು ಹೇಳಲು ವೈದ್ಯ ಪದವಿ ಬೇಡ, ಮುದ್ದೆ ಉಂಡು ಬೆಳೆದಿರಬೇಕು ಮತ್ತು ಒಂದಿಷ್ಟು ಸರಿಯಾಗಿ ಕಲಿತಿರಬೇಕು.

ಈ ಜಾಗವನ್ನು ನಮ್ಮ ಹಳೆಯ ವೈದ್ಯಶಾಸ್ತ್ರವೂ ಗುರುತಿಸಿತ್ತು. ಚಿಕಿತ್ಸೆಗೆ ನಾಲ್ಕು ಕಾಲುಗಳು ಎನ್ನುತ್ತದೆ ಚರಕ ಸಂಹಿತೆ: ವೈದ್ಯ, ಔಷಧ, ಉಪಚಾರಕ, ರೋಗಿ. ಮೂರನೆಯ ಕಾಲಾದ ಉಪಚಾರಕನಿಗೂ ನಾಲ್ಕು ಗುಣ ಬೇಕು: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯ ಮೇಲೆ ಪ್ರೀತಿ, ಶುಚಿತ್ವ. ಪ್ರೀತಿಯೊಂದೇ ಸಾಲದು ಎಂದು ತಿಳಿವಳಿಕೆಯನ್ನೂ ಸೇರಿಸಿದ್ದಾರೆ. ತಿಳಿವಳಿಕೆಯೊಂದೇ ಸಾಲದು ಎಂದು ಪ್ರೀತಿಯನ್ನೂ ಸೇರಿಸಿದ್ದಾರೆ. ಅದೇ ಗ್ರಂಥ ವೈದ್ಯರ ವೇಷ ಹಾಕಿದವರನ್ನು, ದೊಡ್ಡವರ ಹೆಸರು ಹೇಳಿಕೊಂಡು ವೈದ್ಯರೆನಿಸಿಕೊಂಡವರನ್ನು ನಿಜವಾದ ವೈದ್ಯರಿಂದ ಬೇರೆ ಮಾಡಿ ತೋರಿಸುತ್ತದೆ. ಉಪಚಾರಕನಿಗೆ ಗೌರವದ ಸ್ಥಾನವಿದೆ, ಆದರೆ ಅವನು ಮೊದಲನೆಯ ಕಾಲಿನ ಜಾಗದಲ್ಲಿ ನಿಲ್ಲುವಂತಿಲ್ಲ.

ನಮ್ಮ ಕಾಲದಲ್ಲೂ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ. ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅವರ ತಂಡ ಹಳ್ಳಿಯ ಹೆಂಗಸರಿಗೆ ನವಜಾತ ಶಿಶುಗಳ ಸೋಂಕನ್ನು ಗುರುತಿಸಿ ಚುಚ್ಚುಮದ್ದು ಕೊಡುವುದನ್ನೂ ಕಲಿಸಿತು. ಅಲ್ಲಿ ನವಜಾತ ಶಿಶುಗಳ ಸಾವು ಶೇ. 62ರಷ್ಟು ಇಳಿಯಿತು ಎಂಬ ವರದಿ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಮಕ್ಕಳನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತಯಾರು ಮಾಡಿತು. 1984ರಲ್ಲಿ ಹುಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಚ್.ಡಿ. ಕೋಟೆ, ಸರಗೂರು ಭಾಗದ ಹಾಡಿಗಳ ನಡುವೆಯೇ ಬೆಳೆಯಿತು. 2005ರಿಂದ ದೇಶದ ತುಂಬ ಆಶಾ ಕಾರ್ಯಕರ್ತೆಯರಿದ್ದಾರೆ. ಮೂವತ್ತು ದಾಟಿದವರ ಮನೆಗೆ ಹೋಗಿ ವಯಸ್ಸು, ಸೊಂಟದ ಅಳತೆ, ಹೊಗೆಸೊಪ್ಪು, ಕುಡಿತ, ಮನೆಯವರ ಕಾಯಿಲೆ ಎಲ್ಲವನ್ನೂ ಕೇಳಿ ಅಂಕ ಹಾಕಿ ತಪಾಸಣೆಗೆ ಕಳಿಸುವವರು ಅವರೇ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಆಶಾ ಅಕ್ಕನೂ ಡಾಕ್ಟರು ಓದಿದವಳಲ್ಲ, ನಗರದ ಹೆಲ್ತ್ ಕೋಚ್ ಕೂಡ ಓದಿದವರಲ್ಲ. ಆದರೆ ಅಕ್ಕನ ಮಾತನ್ನು 'ಅವಳಿಗೇನು ಗೊತ್ತು' ಎಂದು ತಳ್ಳುವ ನಾವು ಇಂಗ್ಲಿಷಿನಲ್ಲಿ ಮಾತಾಡುವ ಕೋಚ್ ಹೇಳಿದ್ದನ್ನು ಬರೆದುಕೊಳ್ಳುತ್ತೇವೆ. ಅಕ್ಕನಿಗೆ ಸಿಗುವುದು ಸಂಬಳ ಎಂದು ಕೂಡ ಕರೆಸಿಕೊಳ್ಳದ ಪ್ರೋತ್ಸಾಹಧನ. ಕೋಚ್‌ಗೆ ಸಿಗುವುದು ಪ್ಯಾಕೇಜಿನ ದುಡ್ಡು. ಹೊಣೆಯ ಲೆಕ್ಕ ಹಾಕಿದರೆ ಇದು ತಿರುಗಮುರುಗ. ಅಕ್ಕನ ಹಿಂದೆ ಎಎನ್‌ಎಂ ಇದ್ದಾರೆ, ಅವರ ಹಿಂದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಇದ್ದಾರೆ. ಏನನ್ನು ಮಾಡಬೇಕು, ಏನನ್ನು ಮಾಡಬಾರದು ಎಂದು ಬರೆದಿಟ್ಟಿದ್ದಾರೆ. ತಪ್ಪಾದರೆ ಕೇಳುವವರು ಅದೇ ಊರಿನಲ್ಲಿದ್ದಾರೆ, ಅವಳ ಮನೆ ಬಾಗಿಲು ಎಲ್ಲರಿಗೂ ಗೊತ್ತು. ಕೋಚ್ ಇರುವುದು ಫೋನಿನಲ್ಲಿ. ಆದ್ದರಿಂದ 'ವೈದ್ಯಕೀಯ ಓದಿಲ್ಲದವರು ಈ ಕೆಲಸ ಮಾಡಬಹುದೇ' ಎಂಬುದಕ್ಕೆ ಉತ್ತರ ಆಗಲೇ ಸಿಕ್ಕಿದೆ: ಮಾಡಬಹುದು, ಮಾಡಿದ್ದಾರೆ, ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಅವರಲ್ಲಿ ಯಾರೂ ಒಂಟಿಯಾಗಿ ಮಾಡಿಲ್ಲ. ಗಡಚಿರೋಲಿಯ ಹೆಂಗಸರ ಕೈಯಲ್ಲಿ ಸೂಜಿ ಇತ್ತು ಎಂಬುದು ನೆನಪಿನಲ್ಲಿ ಉಳಿಯುತ್ತದೆ. ಅವರ ಹಿಂದೆ ಪಕ್ಕಾ ತರಬೇತಿ, ದಾಖಲೆ, ಮೇಲ್ವಿಚಾರಣೆ ಇತ್ತು ಎಂಬುದು ಮರೆತುಹೋಗುತ್ತದೆ.

ಒಂಟಿಯಾಗಿ ಮಾಡಿದರೆ ಏನಾಗುತ್ತದೆ? ಒಬ್ಬ ರೈತರನ್ನು ಊಹಿಸಿಕೊಳ್ಳೋಣ. ಐವತ್ತೈದರ ವಯಸ್ಸು, ಎರಡು ಹೊತ್ತೂ ಗ್ಲಿಮೆಪಿರೈಡ್ ಸೇರಿದ ಮಾತ್ರೆ. ಈ ಮಾತ್ರೆ ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಸುರಿಸುತ್ತದೆ, ಹೊಟ್ಟೆಯಲ್ಲಿ ಊಟ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಕೋಚ್ ಹೇಳುತ್ತಾರೆ: 'ರಾತ್ರಿ ಮುದ್ದೆ ಬಿಡಿ, ಸೊಪ್ಪು ತರಕಾರಿ ಮಾತ್ರ ತಿನ್ನಿ.' ರೈತರು ವಿಧೇಯರು. ಮಾತ್ರೆಯನ್ನೂ ನುಂಗುತ್ತಾರೆ, ಮುದ್ದೆಯನ್ನೂ ಬಿಡುತ್ತಾರೆ, ಬ್ಯಾರನ್ ಕಾಯಲು ಹೋಗುತ್ತಾರೆ. ನಡುರಾತ್ರಿ ಮೈ ಬೆವರುತ್ತದೆ, ಕೈ ನಡುಗುತ್ತದೆ, ತಲೆ ಮಂಕಾಗುತ್ತದೆ. ಬೆಂಕಿಯ ಮುಂದೆ ಕೂತವರಿಗೆ ಬೆವರು ಬಂದರೆ ಅದು ಉರಿಯ ಬೆವರೋ ಸಕ್ಕರೆ ಕುಸಿದ ಬೆವರೋ ಹೇಗೆ ತಿಳಿಯಬೇಕು? ನಿದ್ದೆಗೆಟ್ಟವರಿಗೆ ತಲೆ ಮಂಕಾದರೆ ಯಾರು ಗಾಬರಿಯಾಗುತ್ತಾರೆ? ಆಗ ಬೇಕಿದ್ದದ್ದು ಮೂರು ಚಮಚ ಸಕ್ಕರೆ ಕದಡಿದ ನೀರು. ಆದರೆ ಸಕ್ಕರೆಯೇ ಶತ್ರು ಎಂದು ಅವರಿಗೆ ಕಲಿಸಲಾಗಿದೆ.

ಇಲ್ಲಿ ತಪ್ಪು ಯಾರದು? ವೈದ್ಯರು ಕೊಟ್ಟ ಮಾತ್ರೆ ಆಗಿನ ಊಟಕ್ಕೆ ಸರಿಯಾಗಿತ್ತು. ಕೋಚ್ ಕೊಟ್ಟ ಸಲಹೆಯೂ ಸಾಮಾನ್ಯವಾಗಿ ತಪ್ಪಲ್ಲ. ರೈತರು ಇಬ್ಬರ ಮಾತನ್ನೂ ಪಾಲಿಸಿದರು. ಕೆಡುಕು ಹುಟ್ಟಿದ್ದು ಎರಡು ಸರಿಗಳ ನಡುವಿನ ಸಂದಿನಲ್ಲಿ. ಆ ಸಂದಿನಲ್ಲಿ ಹೊಸದಾಗಿ ಬಂದು ನಿಂತವರು ಕೋಚ್. ಹಾಗಾಗಿ ಆ ಸಂದಿನ ಹೊಣೆಯೂ ಅವರದೇ. ಊಟವನ್ನು ಬದಲಿಸುವುದೆಂದರೆ ಮಾತ್ರೆಯ ಪ್ರಮಾಣವನ್ನು ಪರೋಕ್ಷವಾಗಿ ಬದಲಿಸಿದಂತೆ. 'ನಾನು ಔಷಧದ ವಿಷಯಕ್ಕೆ ಹೋಗುವುದಿಲ್ಲ, ಆಹಾರ ಮಾತ್ರ ಹೇಳುತ್ತೇನೆ' ಎಂದು ಹಲವರು ವಿನಯದಿಂದ ಹೇಳುತ್ತಾರೆ. ಸಕ್ಕರೆ ಕಾಯಿಲೆಯಲ್ಲಿ ಆ ಗಡಿಗೆರೆ ಎಳೆಯಲು ಬರುವುದಿಲ್ಲ.

ಇಂಥ ಸಂದುಗಳು ಇನ್ನೂ ಇವೆ. ಟೈಪ್ 1 ಕಾಯಿಲೆಯ ಹುಡುಗನಿಗೆ ಇನ್ಸುಲಿನ್ ಬಿಡಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲವಾಗಿ ಪ್ರಾಣಕ್ಕೆ ಬರುತ್ತದೆ. ಡಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆ ತೆಗೆದುಕೊಳ್ಳುವವರು ಪಿಷ್ಟವನ್ನು ತೀರ ಕಡಿಮೆ ಮಾಡಿ ಉಪವಾಸ ಕೂತರೆ, ಗ್ಲುಕೋಮೀಟರಿನಲ್ಲಿ ಸಂಖ್ಯೆ ಹೆಚ್ಚೇನೂ ಏರದೆಯೇ ಅದೇ ಅಪಾಯ ಬರಬಹುದು. ಮೂತ್ರಪಿಂಡ ಸೋತವರಿಗೆ ಎಳನೀರೂ ತೊಂದರೆ ಕೊಡಬಹುದು. ಕಣ್ಣಿನ ಪರದೆಗೆ ಆಗಲೇ ಪೆಟ್ಟು ಬಿದ್ದವರ ಸಕ್ಕರೆಯನ್ನು ದಿಢೀರನೆ ಇಳಿಸಿದರೆ ಕಣ್ಣು ಇನ್ನಷ್ಟು ಕೆಡಬಹುದು. ನಡಿಗೆಯಂಥ ನಿರಪಾಯ ಸಲಹೆ ಕೂಡ ಎಲ್ಲರಿಗೂ ಒಂದೇ ಅಲ್ಲ. ಸುಶ್ರುತ ಸಂಹಿತೆ ಪ್ರಮೇಹ ರೋಗಿಗೆ ನೂರು ಯೋಜನ ನಡೆಯಲು, ಬಾವಿ ತೋಡಲು ಹೇಳುತ್ತದೆ. ಬಡವನಾದರೆ ಚಪ್ಪಲಿ ಕೊಡೆಗಳಿಲ್ಲದೆ ಮುನಿಯಂತೆ ಊರೂರು ಅಲೆಯಲು ಹೇಳುತ್ತದೆ. ಮೈ ದಂಡಿಸಬೇಕೆಂಬ ಅದರ ತಿರುಳನ್ನು ಇವತ್ತಿನ ವಿಜ್ಞಾನವೂ ಒಪ್ಪುತ್ತದೆ. ಆದರೆ ಪಾದದ ನರ ಸತ್ತು ಸ್ಪರ್ಶವೇ ತಿಳಿಯದವರನ್ನು ಬರಿಗಾಲಲ್ಲಿ ನಡೆಸಿದರೆ, ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತಾಗುವುದು ಹುಣ್ಣು ಕೀವಾದ ಮೇಲೆ.

ಸಂಖ್ಯೆಗಳೂ ಮೋಸ ಮಾಡುತ್ತವೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಕೋಚ್‌ಗಳು ಅಂಕಪಟ್ಟಿಯಂತೆ ತೋರಿಸುತ್ತಾರೆ. ಅದು ಕೆಂಪು ರಕ್ತಕಣಗಳ ಸಹಜ ಆಯುಸ್ಸನ್ನು ನಂಬಿದ ಪರೀಕ್ಷೆ. ಕುಡಗೋಲು ಕಣದ ರಕ್ತಹೀನತೆ, ಎಂದರೆ ಸಿಕಲ್ ಸೆಲ್ ಕಾಯಿಲೆ ಇದ್ದವರಲ್ಲಿ ಕಣಗಳು ಬೇಗ ಸಾಯುತ್ತವೆ, ಸಂಖ್ಯೆ ಸುಳ್ಳೇ ಕಡಿಮೆ ಬರುತ್ತದೆ. ಕಬ್ಬಿಣದ ಕೊರತೆಯಿದ್ದರೆ ಅದು ಸುಳ್ಳೇ ಹೆಚ್ಚಾಗಿ ಬರಬಹುದು. ಸಿಕಲ್ ಸೆಲ್ ನಮ್ಮ ಆದಿವಾಸಿ ಸಮುದಾಯಗಳಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆ. ಅದಕ್ಕೆಂದೇ 2023ರ ಜುಲೈನಲ್ಲಿ ರಾಷ್ಟ್ರೀಯ ಅಭಿಯಾನ ಶುರುವಾಯಿತು. ಹಾಡಿಯ ಒಬ್ಬಾಕೆಯ ವರದಿ ನೋಡಿ 'ಭೇಷ್, ಕಂಟ್ರೋಲಿಗೆ ಬಂತು' ಎನ್ನುವ ಕೋಚ್ ಅವಳಿಗೆ ಒಳ್ಳೆಯ ಸುದ್ದಿಯ ರೂಪದಲ್ಲಿ ಕೆಟ್ಟದ್ದನ್ನು ಕೊಟ್ಟಿರಬಹುದು. ತನಗೆ ಏನು ಗೊತ್ತಿಲ್ಲ ಎಂಬುದೇ ಗೊತ್ತಿಲ್ಲದ ಸ್ಥಿತಿ ಇದು. ವೈದ್ಯಕೀಯ ಶಿಕ್ಷಣದ ಬಹುಪಾಲು ಈ ಎರಡನೆಯ ಅಜ್ಞಾನವನ್ನು ಕಳೆಯುವುದಕ್ಕೇ ಇರುವುದು. ಎಲ್ಲ ಉತ್ತರ ಯಾವ ವೈದ್ಯರಿಗೂ ಗೊತ್ತಿರುವುದಿಲ್ಲ. ಎಲ್ಲಿ ಹೆದರಬೇಕು ಎಂಬುದು ಗೊತ್ತಿರುತ್ತದೆ.

ಅನುಭವದ ಮಾತಿಗೆ ಬರೋಣ. 'ನನಗೆ ಆಯಿತು, ನಿಮಗೂ ಆಗುತ್ತದೆ' ಎಂಬುದು ಕೋಚ್ ಆದವರ ದೊಡ್ಡ ಬಂಡವಾಳ. ಇದನ್ನು ಹಗುರವಾಗಿ ತಳ್ಳಬಾರದು. ಸಕ್ಕರೆ ಇಳಿಸಿಕೊಂಡವರೊಬ್ಬರು ಎದುರಿಗೆ ಕೂತರೆ ಹೊಸ ರೋಗಿಗೆ ಬರುವ ಧೈರ್ಯ ಯಾವ ಪುಸ್ತಕದಿಂದಲೂ ಬಾರದು. ಆದರೆ ಅನುಭವಿ ಎಂದರೆ ಸಾಕ್ಷಿ, ನ್ಯಾಯಾಧೀಶನಲ್ಲ. ಸಾಕ್ಷಿ ತಾನು ಕಂಡದ್ದನ್ನು ಹೇಳಬಹುದು. ತನ್ನ ದೇಹದಲ್ಲಿ ನಡೆದದ್ದು ಇನ್ನೊಬ್ಬರ ದೇಹದಲ್ಲೂ ನಡೆಯುತ್ತದೆ ಎಂದು ತೀರ್ಪು ಕೊಡುವಂತಿಲ್ಲ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ಕಟ್ಟುನಿಟ್ಟಿನ ಪಥ್ಯ ಮಾಡಿದವರಲ್ಲಿ ಶೇ. 46ರಷ್ಟು ಜನ ಒಂದು ವರ್ಷದ ಕೊನೆಗೆ ಮಾತ್ರೆಯಿಲ್ಲದೆ ಸಕ್ಕರೆಯನ್ನು ಹತೋಟಿಯಲ್ಲಿ ಇಟ್ಟಿದ್ದರು. ಎರಡನೆಯ ವರ್ಷದ ಕೊನೆಗೆ ಅದು ಶೇ. 36 ಆಯಿತು. ಅವರೆಲ್ಲ ಕಾಯಿಲೆ ಬಂದು ಆರು ವರ್ಷದೊಳಗಿನವರು, ಇನ್ಸುಲಿನ್ ಬೇಕಿಲ್ಲದವರು, ಮಾತ್ರೆ ನಿಲ್ಲಿಸಿದ್ದು ಚಿಕಿತ್ಸಾಲಯದ ಕಣ್ಗಾವಲಿನಲ್ಲಿ. ಇದು ಭರವಸೆಯ ಸುದ್ದಿಯೇ. ಆದರೆ ಅಷ್ಟು ಚೆನ್ನಾಗಿ ನಡೆದ ಕಡೆಯೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ಆಗಲಿಲ್ಲ. ಗೆದ್ದವರು ಕೋಚ್ ಆಗುತ್ತಾರೆ, ಗೆಲ್ಲದವರು ಮಾತಾಡುವುದಿಲ್ಲ. ಹೀಗಾಗಿ ಕೇಳುವವರ ಕಿವಿಗೆ ಬೀಳುವುದು ಗೆದ್ದವರ ದನಿ ಮಾತ್ರ.

ಪ್ಲೇಟೋ ತನ್ನ 'ಗೋರ್ಗಿಯಾಸ್' ಸಂವಾದದಲ್ಲಿ ಒಂದು ಚಿತ್ರ ಕೊಡುತ್ತಾನೆ. ಮಕ್ಕಳೇ ತೀರ್ಪುಗಾರರಾಗಿರುವ ನ್ಯಾಯಾಲಯದಲ್ಲಿ ವೈದ್ಯನ ಮೇಲೆ ಸಿಹಿತಿಂಡಿ ಮಾಡುವವನು ಮೊಕದ್ದಮೆ ಹೂಡಿದರೆ ವೈದ್ಯ ಸೋಲುತ್ತಾನೆ, ಏಕೆಂದರೆ ಅವನು ಕೊಟ್ಟಿದ್ದೆಲ್ಲ ಕಹಿ. ನಮ್ಮ ಕಾಲದಲ್ಲಿ ಸಿಹಿ ಮಾರುವವರು ತಿಂಡಿಯನ್ನೇ ಮಾರಬೇಕಿಲ್ಲ. '90 ದಿನದಲ್ಲಿ ಶುಗರ್ ಮಾಯ' ಎಂಬ ಮಾತು ಯಾವ ಮೈಸೂರು ಪಾಕಿಗಿಂತಲೂ ಸಿಹಿ. 1954ರ ಔಷಧ ಮತ್ತು ಮಾಂತ್ರಿಕ ಉಪಾಯಗಳ ಕಾಯ್ದೆ ಔಷಧದ ಹೆಸರಿನಲ್ಲಿ ಇಂಥ ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯಲ್ಲಿ ಮಧುಮೇಹವನ್ನು ಸೇರಿಸಿದೆ. ಕಾನೂನು ಮಾಡಿದವರಿಗೆ ಗೊತ್ತಿತ್ತು: ಗುಣವಾಗದ ಕಾಯಿಲೆಯವರ ಆಸೆಯಷ್ಟು ಸುಲಭದ ಬಂಡವಾಳ ಬೇರೆ ಇಲ್ಲ.

ಇನ್ನೊಂದು ಅಪಾಯ ಸೂಕ್ಷ್ಮವಾದದ್ದು. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ನಮ್ಮ ಗಾದೆಯನ್ನು ತಿರುಗಿಸಿ ಓದಿದರೆ, ರೋಗ ಬಂದವನಿಗೆ ಊಟ ಗೊತ್ತಿರಲಿಲ್ಲ ಎಂದಾಗುತ್ತದೆ. ಕೋಚಿಂಗ್ ಎಂಬ ಮಾತೇ ಆಟದ ಮೈದಾನವನ್ನು ನೆನಪಿಸುತ್ತದೆ. ಅಲ್ಲಿ ಸೋತವನು ಸಾಕಷ್ಟು ಶ್ರಮಪಡಲಿಲ್ಲ ಎಂದೇ ಲೆಕ್ಕ. ಬೆಳಗಿನ ಸಂಖ್ಯೆ 180 ಬಂದರೆ 'ನಿನ್ನೆ ಏನು ತಿಂದಿರಿ?' ಎಂಬ ಪ್ರಶ್ನೆ ಪೊಲೀಸ್ ಠಾಣೆಯ ಪ್ರಶ್ನೆಯಂತೆ ಕೇಳಿಸುತ್ತದೆ. ತಿಂದದ್ದರ ಜೊತೆಗೆ ವಂಶ, ವಯಸ್ಸು, ನಿದ್ದೆ, ಸೋಂಕು, ಸಾಲದ ಚಿಂತೆ, ತಂಬಾಕಿನ ಹರಾಜಿನಲ್ಲಿ ಸಿಕ್ಕ ಬೆಲೆ ಎಲ್ಲವೂ ಆ ಸಂಖ್ಯೆಯೊಳಗಿವೆ. ಬೈಸಿಕೊಂಡ ರೋಗಿ ಮುಂದಿನ ಸಲ ಸುಳ್ಳು ಹೇಳುತ್ತಾರೆ, ಅದರ ಮುಂದಿನ ಸಲ ಪರೀಕ್ಷೆಯನ್ನೇ ಮಾಡಿಸುವುದಿಲ್ಲ. ವೈದ್ಯರ ಅವಸರದಿಂದ ನೊಂದು ಕೋಚ್ ಬಳಿ ಬಂದವರು ಇಲ್ಲಿಯೂ ನಾಚಿಕೊಂಡು ಹೋದರೆ ಅವರಿಗೆ ಹೋಗಲು ಮೂರನೆಯ ಬಾಗಿಲಿಲ್ಲ.

ಹಾಗಿದ್ದರೆ ಮಾತಾಡುವ ಹಕ್ಕು ಎಲ್ಲಿಂದ ಬರುತ್ತದೆ? ಉತ್ತರದಾಯಿತ್ವದಿಂದ ಎಂದು ನನ್ನ ಉತ್ತರ. ವೈದ್ಯರ ಪರವಾನಗಿಯನ್ನು ನಾವು ಜ್ಞಾನದ ಗುರುತು ಎಂದುಕೊಳ್ಳುತ್ತೇವೆ. ಅದಕ್ಕಿಂತ ಹೆಚ್ಚಾಗಿ ಅದೊಂದು ಅಡವು. ತಪ್ಪು ಮಾಡಿದರೆ ಕಿತ್ತುಕೊಳ್ಳಬಹುದಾದದ್ದನ್ನು ಅವರು ಸಮಾಜದ ಕೈಯಲ್ಲಿ ಇಟ್ಟಿದ್ದಾರೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ಪರವಾನಗಿಯಿಲ್ಲದೆ ವೈದ್ಯವೃತ್ತಿ ಮಾಡಿದವರಿಗೆ ಒಂದು ವರ್ಷದವರೆಗೆ ಸೆರೆಮನೆ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. 'ನಾನು ಚಿಕಿತ್ಸೆ ಕೊಡುತ್ತಿಲ್ಲ, ಜೊತೆಗಿದ್ದೇನೆ ಅಷ್ಟೆ' ಎನ್ನುವ ಕೋಚ್ ಕಳೆದುಕೊಳ್ಳುವಂಥದ್ದು ಏನನ್ನೂ ಅಡವಿಟ್ಟಿಲ್ಲ. ಕೆಟ್ಟರೆ ರೋಗಿಯ ಕಾಲು ಹೋಗುತ್ತದೆ, ಕೋಚ್ ಫೋನ್ ನಂಬರು ಬದಲಾಗುತ್ತದೆ. ಈ ಅಸಮತೆಯನ್ನು ಸರಿಪಡಿಸಿಕೊಳ್ಳದೆ ಶುಲ್ಕ ತೆಗೆದುಕೊಳ್ಳುವುದು, ಓದಿದ್ದರೂ ಓದಿಲ್ಲದಿದ್ದರೂ, ಅನ್ಯಾಯ.

ಸರಿಪಡಿಸಿಕೊಳ್ಳಲು ದಾರಿಯಿದೆ, ಅದು ದೊಡ್ಡ ಗುಟ್ಟೂ ಅಲ್ಲ. ಮೊದಲ ದಿನವೇ ಮಾತ್ರೆಗಳ ಪಟ್ಟಿ ಕೇಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಕುಸಿಸುವ ಮಾತ್ರೆ ಇದ್ದರೆ ವೈದ್ಯರನ್ನು ಕೇಳದೆ ಊಟದಲ್ಲಿ ದೊಡ್ಡ ಬದಲಾವಣೆ ಹೇಳಬಾರದು. ಟೈಪ್ 1 ಇರುವವರು, ಬಸುರಿಯರು, ಮೂತ್ರಪಿಂಡ ಕೆಟ್ಟವರು ಬಂದರೆ ಅವರ ವೈದ್ಯರ ಜೊತೆಗೇ ಕೆಲಸ ಮಾಡಬೇಕು, ಆಗದಿದ್ದರೆ ಕೈಮುಗಿದು ಕಳಿಸಬೇಕು. ಹೇಳಿದ ಪ್ರತಿ ಮಾತನ್ನೂ ತಾರೀಖು ಹಾಕಿ ಕನ್ನಡದಲ್ಲೋ ರೋಗಿಗೆ ತಿಳಿಯುವ ಭಾಷೆಯಲ್ಲೋ ಬರೆದುಕೊಡಬೇಕು. ಆ ಚೀಟಿ ನಾಳೆ ವೈದ್ಯರ ಮೇಜಿನ ಮೇಲೆ ಬೀಳುತ್ತದೆ ಎಂಬ ಅರಿವೇ ಮಾತನ್ನು ತೂಗುತ್ತದೆ. ಎದೆನೋವು, ಆಗದ ಪಾದದ ಹುಣ್ಣು, ನಿಲ್ಲದ ವಾಂತಿ, ದಿಢೀರನೆ ಮಂಜಾದ ಕಣ್ಣು ಇವುಗಳಿಗೆ ಸಲಹೆ ಇಲ್ಲ, ಅವತ್ತೇ ಆಸ್ಪತ್ರೆ. ಸಲಹೆ ಹೇಳುವವರು ಪುಡಿ, ಡಬ್ಬಿ, ಹಿಟ್ಟು ಮಾರಬಾರದು. ಮಾರುವವರು ಸಲಹೆ ಹೇಳಬಾರದು. ವಾರದಲ್ಲಿ ಒಮ್ಮೆ ಕಾಲುಚೀಲ ಬಿಚ್ಚಿಸಿ, ಇಲ್ಲವೇ ಮಣ್ಣು ತೊಳೆಸಿ, ಪಾದ ನೋಡಬೇಕು. ಈ ಕೊನೆಯ ಕೆಲಸಕ್ಕೆ ಯಾವ ಪ್ರಮಾಣಪತ್ರವೂ ಬೇಡ, ನೆಲದ ಮೇಲೆ ಕೂರಲು ಸಿದ್ಧವಿರಬೇಕು. ಇನ್ನೊಬ್ಬರ ಕಾಲನ್ನು ಕೈಯಲ್ಲಿ ಹಿಡಿಯಲಾಗದವರು ಈ ಕೆಲಸಕ್ಕೆ ಬರಬಾರದು.

ಇಷ್ಟು ಮಾಡಿದರೂ ಫಲದ ಬಗ್ಗೆ ಅತಿಯಾಸೆ ಬೇಡ. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಹೊಸ್ತಿಲಲ್ಲಿದ್ದವರು ಊಟ ಮತ್ತು ನಡಿಗೆಯ ಬದಲಾವಣೆಯಿಂದ ಕಾಯಿಲೆಯ ಸಾಧ್ಯತೆಯನ್ನು ಶೇ. 58ರಷ್ಟು ಇಳಿಸಿಕೊಂಡರು ಎಂದು 2002ರಲ್ಲಿ ಗೊತ್ತಾಯಿತು. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡದ ಅಧ್ಯಯನದಲ್ಲಿ, 2006ರಲ್ಲಿ, ಅದು ಶೇ. 28.5. ಕೇರಳದಲ್ಲಿ ಊರಿನವರನ್ನೇ ಮುಂದಾಳುಗಳನ್ನಾಗಿ ತರಬೇತು ಮಾಡಿ ನಡೆಸಿದ ಕಾರ್ಯಕ್ರಮದ ವರದಿ 2018ರಲ್ಲಿ ಬಂತು. ಜನರ ಅಭ್ಯಾಸಗಳಲ್ಲಿ ಕೆಲವು ಒಳ್ಳೆಯ ಬದಲಾವಣೆಗಳಾದವು, ಆದರೆ ಎರಡು ವರ್ಷದಲ್ಲಿ ಕಾಯಿಲೆಗೆ ತಿರುಗಿದವರ ಸಂಖ್ಯೆಯಲ್ಲಿ ಖಚಿತವಾಗಿ ಹೇಳಬಹುದಾದ ಇಳಿಕೆ ಕಾಣಲಿಲ್ಲ. ಈ ಫಲಿತಾಂಶವನ್ನು ಅವರು ಮುಚ್ಚಿಡದೆ ಪ್ರಕಟಿಸಿದರು. ಕೋಚ್ ಆಗಬಯಸುವವರು ಗೋಡೆಗೆ ತೂಗುಹಾಕಬೇಕಾದದ್ದು ಈ ಪ್ರಾಮಾಣಿಕತೆಯನ್ನು. 'ನನ್ನ ಬಳಿ ಬಂದ ಇಪ್ಪತ್ತು ಜನರಲ್ಲಿ ಆರು ಜನರಿಗೆ ಒಳ್ಳೆಯದಾಯಿತು, ಹತ್ತು ಜನ ಇದ್ದ ಹಾಗೇ ಇದ್ದಾರೆ, ನಾಲ್ವರು ಬಿಟ್ಟುಹೋದರು' ಎಂದು ಹೇಳಬಲ್ಲ ಕೋಚ್ ಸಿಕ್ಕರೆ ಅವರನ್ನು ನಂಬಬಹುದು.

ವೈದ್ಯರಿಗೂ ಇಲ್ಲಿ ಒಂದು ಮಾತು ಉಳಿದಿದೆ. ಪ್ಲೇಟೋನೇ ಇನ್ನೊಂದು ಕಡೆ ಎರಡು ಬಗೆಯ ವೈದ್ಯರನ್ನು ಹೇಳುತ್ತಾನೆ: ಗುಲಾಮರಿಗೆ ಚಿಕಿತ್ಸೆ ಕೊಡುವವನು ಏನನ್ನೂ ವಿವರಿಸದೆ ಅಪ್ಪಣೆ ಕೊಟ್ಟು ಮುಂದಿನವರ ಕಡೆ ಓಡುತ್ತಾನೆ, ಸ್ವತಂತ್ರರ ವೈದ್ಯ ರೋಗಿಯ ಜೊತೆ, ಮನೆಯವರ ಜೊತೆ ಮಾತಾಡಿ, ಅವರಿಂದ ಕಲಿತು, ಅವರನ್ನು ಒಪ್ಪಿಸಿದ ಮೇಲೆಯೇ ಔಷಧ ಕೊಡುತ್ತಾನೆ. ನಮ್ಮ ತಾಲ್ಲೂಕು ಆಸ್ಪತ್ರೆಯ ಸರದಿಯಲ್ಲಿ ಎರಡನೆಯ ಬಗೆಯ ವೈದ್ಯರಾಗಿರಲು ಒಳ್ಳೆಯವರಿಗೂ ಪುರುಸೊತ್ತಿಲ್ಲ. ಕೋಚ್‌ಗಳನ್ನು ಬೈಯುವುದಕ್ಕೆ ಮೊದಲು, ಜನ ಅವರನ್ನು ಹುಡುಕಿಕೊಂಡು ಏಕೆ ಹೋದರು ಎಂದು ಕೇಳಬೇಕು. ಔಷಧಕ್ಕಿಂತ ಹೆಚ್ಚಾಗಿ ಅವರು ಹುಡುಕಿದ್ದು ಮಾತು ಮುಗಿಯುವ ತನಕ ಕೇಳಿಸಿಕೊಳ್ಳುವ ಒಬ್ಬರನ್ನು. ಗುರುಪುರದಂಥ ಕಡೆ ವೈದ್ಯರ ಮಾತು ರೋಗಿಯನ್ನು ಮುಟ್ಟಲು ಕನ್ನಡದಿಂದ ಟಿಬೆಟನ್ನಿಗೋ ಜೇನುಕುರುಬರ ನುಡಿಗೋ ಹೊರಳಬೇಕು. ಆ ನುಡಿ ಬಲ್ಲವರು, ಆ ಅಡುಗೆ ಬಲ್ಲವರು, ಸ್ವೆಟರ್ ಮಾರಲು ಹೊರಟವರ ಚೀಲಕ್ಕೆ ಮೂರು ತಿಂಗಳ ಮಾತ್ರೆ ಸೇರಿದೆಯೇ ಎಂದು ನೋಡುವವರು ಇದ್ದರೆ, ಅವರು ಏನು ಓದಿದ್ದಾರೆ ಎಂಬುದು ಎರಡನೆಯ ಪ್ರಶ್ನೆ.

ಆದ್ದರಿಂದ, ಓದಿಲ್ಲದಿದ್ದರೂ ಈ ಕೆಲಸಕ್ಕೆ ಬರಬಹುದೇ ಎಂದು ಕೇಳುವವರಿಗೆ ಹೇಳುವುದಿಷ್ಟು. ಬನ್ನಿ. ಆದರೆ ವೈದ್ಯರ ಕುರ್ಚಿಯಲ್ಲಿ ಕೂರಲು ಬರಬೇಡಿ; ರೋಗಿಯ ಪಕ್ಕದಲ್ಲಿ ಒಂದು ಜಾಗ ಖಾಲಿಯಿದೆ, ಅಲ್ಲಿ ಕೂರಿ. ನಿಮ್ಮ ಹೆಸರು, ಮನೆ, ಫೋನ್ ನಂಬರು, ನೀವು ಹೇಳಿದ್ದು ಎಲ್ಲವೂ ಬರಹದಲ್ಲಿರಲಿ. ಬ್ಯಾರನ್ ಕಾಯುವ ತಿಂಗಳಲ್ಲಿ ರಾತ್ರಿ ಮಾತ್ರೆಯ ವಿಷಯ ಏನು ಮಾಡಬೇಕು ಎಂದು ರೈತರ ಪರವಾಗಿ ವೈದ್ಯರನ್ನು ಮೊದಲೇ ಕೇಳಿ ಬರೆಸಿಕೊಂಡು ಬನ್ನಿ, ಅವರ ಜೇಬಿನಲ್ಲಿ ಒಂದು ಸಕ್ಕರೆ ಪೊಟ್ಟಣ ಇರಿಸಿ, ಅದನ್ನು ಯಾವಾಗ ಬಾಯಿಗೆ ಹಾಕಿಕೊಳ್ಳಬೇಕು ಎಂದು ಅವರ ಹೆಂಡತಿಗೂ ಹೇಳಿಕೊಡಿ.